ಸ್ಟೇರಿಂಗ್ ತಿರುಗಿತು, ಕಾರು ತಿರುಗಲಿಲ್ಲ

ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ದೆ. ಕಾರು ಮಾತ್ರ ಅದಕ್ಕೂ ತನಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ನೇರ ಹೋಗುತ್ತಿತ್ತು. ವೇಗವೇನೂ ಜಾಸ್ತಿ ಇರಲಿಲ್ಲ. ಮೀಟರ್ 25 ತೋರಿಸುತ್ತಿತ್ತು. ಸೈಕಲ್ಲಿನವರೂ ಹೋಗುವ ವೇಗ ಅದು. ಇನ್ನಷ್ಟು ತಿರುಗಿಸಿದೆ. ಏನೂ ಆಗಲಿಲ್ಲ. ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿಯಲ್ಲಿ ಗರಗರ ಅಂದಿತು. ಕಾರು ಬಹಳ ಮರ್ಯಾದೆಯಿಂದ, ಒಂದಿಷ್ಟೂ ಅವಸರ ಮಾಡದೆ, ರಸ್ತೆ ಅಂಚಿನ ಹಿಮದ ಗುಡ್ಡೆಗೆ ಮೂಗು ತೂರಿಸಿ ನಿಂತಿತು.

ಕಾರಿಗೆ ಏನೂ ಆಗಲಿಲ್ಲ. ನಂಬರ್ ಪ್ಲೇಟ್ ಸ್ವಲ್ಪ ಬಾಗಿತು ಅಷ್ಟೇ. ಬಾಗಿದ್ದು ಜಾಸ್ತಿ ನನ್ನ ಜಂಬ. ಹಿಮ ಬೀಳುವ ಜಾಗಕ್ಕೆ ಬರುವ ಮುಂಚೆ ಎಂಟು ವರ್ಷ ಕಾರು ಓಡಿಸಿದ್ದೆ. ಮಳೆ, ಕೆಸರು, ಘಾಟಿ ಎಲ್ಲಾ ನೋಡಿದ್ದೆ. ಆ ದಿನ ಬೆಳಿಗ್ಗೆ ಮನೆಯಿಂದ ಹೊರಟಾಗ ಕಾರು ಹಿಮದಲ್ಲಿ ಹೂವಿನ ಹಾಗೆ ಮುಂದಕ್ಕೆ ಬಂದಿತ್ತು. ‘ಇಷ್ಟೇನಾ ಹಿಮ’ ಅಂದುಕೊಂಡಿದ್ದೆ. ಮೂರನೇ ತಿರುವಿನಲ್ಲಿ ಉತ್ತರ ಸಿಕ್ಕಿತು.

ಈಗ ಅದೇ ಕಾರಿನಲ್ಲಿ ಇದು ಐದನೇ ಚಳಿಗಾಲ. ಸಾಧಾರಣ ಸೆಡಾನ್, ಆಟೊಮ್ಯಾಟಿಕ್ ಗೇರು, ಮುಂದಿನ ಎರಡು ಗಾಲಿಗೆ ಮಾತ್ರ ಇಂಜಿನ್ ಶಕ್ತಿ. ಹೊಸದಾಗಿ ಹಿಮದಲ್ಲಿ ಓಡಿಸುವವರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ‘ಫ್ರಂಟ್ ವೀಲ್ ಡ್ರೈವ್ ಸಾಕಾ?’ ಸಾಕು ಅನ್ನುತ್ತೇನೆ. ಆದರೆ ಅದು ಎಲ್ಲಿ ಒಳ್ಳೆಯದೋ ಅಲ್ಲಿಯೇ ನಮ್ಮನ್ನು ಏಮಾರಿಸುತ್ತದೆ. ಅದನ್ನು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದು. ಇಂಥ ಕಾರಿನಲ್ಲಿ ಇಂಜಿನ್, ಗೇರ್‌ಬಾಕ್ಸ್ ಎರಡೂ ಮುಂದಿನ ಗಾಲಿಗಳ ತಲೆ ಮೇಲೇ ಕೂತಿರುತ್ತವೆ. ಕಾರಿನ ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ 60 ಭಾಗ ಮುಂದೆ, 40 ಹಿಂದೆ. ಎಳೆಯುವ ಗಾಲಿಯ ಮೇಲೇ ಭಾರ ಇದ್ದರೆ ಅದು ಜಾರುವುದು ಕಮ್ಮಿ. ಹಿಂದಿನ ಗಾಲಿ ತಳ್ಳುವ ಸೆಡಾನ್‌ಗಳಲ್ಲಿ ಈ ಭಾರ ಸುಮಾರು ಅರ್ಧರ್ಧ. ಅವು ಹಿಮದಲ್ಲಿ ಹೊರಡುವಾಗ ಬಾಲ ಅಲ್ಲಾಡಿಸುತ್ತವೆ. ನಮ್ಮದು ಸುಮ್ನೆ ನೇರ ಬರುತ್ತದೆ. ಎತ್ತಿನ ಗಾಡಿಯೂ ಒಂಥರಾ ಫ್ರಂಟ್ ವೀಲ್ ಡ್ರೈವೇ ಅಲ್ವಾ? ಎಳೆಯುವುದು ಮುಂದೆ, ಗಾಡಿ ಹಿಂದೆ.

ತೊಂದರೆ ಶುರುವಾಗುವುದೂ ಅಲ್ಲೇ. ಆ ಎರಡು ಎತ್ತುಗಳೇ ಎಳೆಯಬೇಕು, ಅವೇ ತಿರುಗಿಸಬೇಕು, ನಿಲ್ಲಿಸುವಾಗಲೂ ಹೆಚ್ಚಿನ ಪಾಲು ಅವೇ ನಿಲ್ಲಿಸಬೇಕು. ಹಿಂದಿನ ಗಾಲಿಗಳು ಬರೀ ಜೊತೆಗೆ ಬರುವ ನೆಂಟರು. ಒಣ ರಸ್ತೆಯಲ್ಲಿ ಟೈರಿನ ಹತ್ತಿರ ಎಷ್ಟು ಹಿಡಿತ ಇರುತ್ತದೆಂದರೆ ಈ ಲೆಕ್ಕ ನಮ್ಮ ಗಮನಕ್ಕೇ ಬರುವುದಿಲ್ಲ. ಹಿಮದಲ್ಲಿ ಆ ಹಿಡಿತ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಂಜುಗಡ್ಡೆ ಮೇಲೆ ಎಂಟರಲ್ಲಿ ಒಂದು ಪಾಲು. ಆಗ ಒಂದು ಕೆಲಸಕ್ಕೆ ಖರ್ಚು ಮಾಡಿದ ಹಿಡಿತ ಇನ್ನೊಂದಕ್ಕೆ ಉಳಿಯುವುದಿಲ್ಲ. ನಾನು ಆ ತಿರುವಿನಲ್ಲಿ ಮಾಡಿದ್ದು ಅದೇ. ತಿರುಗಿಸುವುದಕ್ಕೇ ಹಿಡಿತ ಸಾಲದೆ ಇದ್ದಾಗ ಮೇಲಿಂದ ಬ್ರೇಕನ್ನೂ ಕೇಳಿದೆ. ಟೈರು ಎರಡನ್ನೂ ಕೊಡಲಿಲ್ಲ.

ಮುಂದಿನ ಭಾನುವಾರ ಬೆಳಗಿನ ಜಾವ ಒಂದು ದೊಡ್ಡ ಖಾಲಿ ಪಾರ್ಕಿಂಗ್ ಜಾಗಕ್ಕೆ, ಅನುಮತಿ ಕೇಳಿಕೊಂಡೇ, ಹೋದೆ. ರಾತ್ರಿ ಆರೇಳು ಸೆಂಟಿಮೀಟರ್ ಹಿಮ ಬಿದ್ದಿತ್ತು. ದೀಪದ ಕಂಬಗಳು ದೂರ ದೂರ ಇದ್ದವು. ಅದು ಮುಖ್ಯ, ಕಂಬ ಹತ್ತಿರ ಇದ್ದರೆ ಪಾಠ ದುಬಾರಿಯಾಗುತ್ತದೆ. ಎರಡು ಗಂಟೆ ಅಲ್ಲಿ ಬರೀ ತಪ್ಪುಗಳನ್ನು ಮಾಡಿದೆ. ಎಂಟು ವರ್ಷದಲ್ಲಿ ಕಲಿಯದ್ದನ್ನು ಆ ಎರಡು ಗಂಟೆಯಲ್ಲಿ ಕಲಿತೆ.

ಮೊದಲು 30ರಲ್ಲಿ ಹೋಗಿ ಬ್ರೇಕ್ ಒತ್ತಿ ನೋಡಿದೆ. ಇಳಿದು ಹೆಜ್ಜೆ ಹಾಕಿ ಅಳೆದೆ. ಆಮೇಲೆ ಮನೆಗೆ ಬಂದು ಶಾಲೆಯ ಭೌತಶಾಸ್ತ್ರದ ಸೂತ್ರ ಹಾಕಿ ನೋಡಿದಾಗ ಲೆಕ್ಕ ಹತ್ತಿರ ಹತ್ತಿರ ಹೊಂದಿತು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ಬ್ರೇಕ್ ಹಿಡಿದ ಮೇಲೆ, ಒಣ ಟಾರಿನ ಮೇಲೆ ಕಾರು ನಿಲ್ಲಲು ನಾಲ್ಕೂವರೆ ಮೀಟರ್ ಸಾಕು. ಅಂದರೆ ಒಂದು ಕಾರಿನ ಉದ್ದ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಸುಮಾರು 14 ಮೀಟರ್, ಮೂರು ಕಾರಿನ ಉದ್ದ. ಮಂಜುಗಡ್ಡೆ ಮೇಲೆ 35 ಮೀಟರ್, ಎಂಟು ಕಾರಿನ ಉದ್ದ. 50ರಲ್ಲಿ ಹೋಗುತ್ತಿದ್ದರೆ ಮಂಜುಗಡ್ಡೆ ಮೇಲೆ ನೂರು ಮೀಟರ್ ಹತ್ತಿರ ಬರುತ್ತದೆ. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಓಡುವ ದೂರ ಇದರಲ್ಲಿ ಸೇರಿಲ್ಲ.

ಇಲ್ಲೊಂದು ವಿಷಯ. ನಿಲ್ಲುವಾಗ ಯಾವ ಗಾಲಿಗೆ ಇಂಜಿನ್ ಶಕ್ತಿ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಬ್ರೇಕ್ ಎಲ್ಲಾ ಕಾರಿಗೂ ನಾಲ್ಕು ಗಾಲಿಗೆ. ನಾಲ್ಕು ಗಾಲಿಗೂ ಶಕ್ತಿ ಹೋಗುವ ದೊಡ್ಡ ಗಾಡಿ ಹೊರಡುವಾಗ ನನ್ನನ್ನು ಹಿಂದೆ ಹಾಕುತ್ತದೆ, ಒಪ್ಪುತ್ತೇನೆ. ನಿಲ್ಲುವಾಗ ಇಬ್ಬರೂ ಒಂದೇ. ನನ್ನ ಸೆಡಾನ್ ಚೆನ್ನಾಗಿ ಹೊರಟಿತು ಅಂದ ಮಾತ್ರಕ್ಕೆ ಚೆನ್ನಾಗಿ ನಿಲ್ಲುತ್ತದೆ ಅಂತಲೂ ಅಲ್ಲ. ನಾನು ಮೊದಲ ದಿನ ಮೋಸ ಹೋಗಿದ್ದು ಇದರಲ್ಲೇ. ರಸ್ತೆಯ ಹಿಡಿತ ಎಷ್ಟಿದೆ ಅಂತ ಆಕ್ಸಿಲರೇಟರ್ ಕಡೆಯಿಂದ ಅಂದಾಜು ಮಾಡಿದ್ದೆ. ಬ್ರೇಕ್ ಕಡೆಯಿಂದ ಮಾಡಬೇಕಿತ್ತು. ಈಗ ಹಿಮ ಬಿದ್ದ ದಿನ ಮನೆ ಬಿಟ್ಟ ಮೇಲೆ ಮೊದಲ ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ಕನ್ನಡಿ ನೋಡಿಕೊಂಡು, 20ರಲ್ಲಿ ಒಂದು ಸಲ ಬ್ರೇಕ್ ಒತ್ತಿ ನೋಡುತ್ತೇನೆ. ಎಬಿಎಸ್ ಎಷ್ಟು ಬೇಗ ಗರಗರ ಅನ್ನುತ್ತದೆ ಅನ್ನುವುದೇ ಆ ದಿನದ ಹವಾಮಾನ ವರದಿ.

ಆ ಗರಗರಕ್ಕೆ ಹೆದರಿ ಕಾಲು ತೆಗೆಯಬಾರದು. ಗಾಲಿ ಪೂರ್ತಿ ನಿಂತು ಜಾರದ ಹಾಗೆ ಎಬಿಎಸ್ ಬ್ರೇಕನ್ನು ಬಿಟ್ಟು ಹಿಡಿದು ಮಾಡುವ ಸದ್ದು ಅದು. ಅದರಿಂದ ಸ್ಟೇರಿಂಗ್ ಅಷ್ಟೋ ಇಷ್ಟೋ ಕೈಯಲ್ಲಿರುತ್ತದೆ. ದೂರ ಕಮ್ಮಿ ಆಗುತ್ತದೆ ಅಂತ ಮಾತ್ರ ನಂಬಬೇಡಿ. ಮೆತ್ತನೆ ಹಿಮದಲ್ಲಿ ಜಾಸ್ತಿಯೂ ಆಗಬಹುದು. ಪೂರ್ತಿ ನಿಂತ ಗಾಲಿ ತನ್ನ ಮುಂದೆ ಹಿಮವನ್ನು ಗುಡ್ಡೆ ಮಾಡಿಕೊಂಡು ಅದಕ್ಕೆ ಒತ್ತಿ ನಿಲ್ಲುತ್ತದೆ. ತಿರುಗುತ್ತಲೇ ಇರುವ ಗಾಲಿ ಆ ಗುಡ್ಡೆಯನ್ನು ಕಟ್ಟುವುದಿಲ್ಲ.

ಆಮೇಲೆ ತಿರುವು. ವಾಹನವೇ ಇಲ್ಲದ ಜಾಗದಲ್ಲಿ ದೊಡ್ಡದೊಂದು ಸುತ್ತು ಹಾಕುತ್ತಾ ಸ್ವಲ್ಪ ಸ್ವಲ್ಪ ವೇಗ ಏರಿಸಿದೆ. ಒಂದು ಹಂತದಲ್ಲಿ ಕಾರಿನ ಮೂಗು ಹೊರಗೆ ಸರಿಯಲು ಶುರುವಾಯಿತು. ಸ್ಟೇರಿಂಗ್ ಹಗುರ ಆಯಿತು. ಇದು ಗುರುತು ಇಟ್ಟುಕೊಳ್ಳಬೇಕಾದ ವಿಷಯ. ಕಣ್ಣಿಗೆ ಗೊತ್ತಾಗುವ ಮೊದಲು ಅಂಗೈಗೆ ಗೊತ್ತಾಗುತ್ತದೆ. ಕೊಡದಲ್ಲಿ ನೀರಿದೆಯಾ ಇಲ್ಲವಾ ಅಂತ ಎತ್ತಿದ ಕೂಡಲೇ ತಿಳಿಯುವ ಹಾಗೆ. ಬಲ್ಲವರು ಇದನ್ನು ಅಂಡರ್‌ಸ್ಟೀರ್ ಅನ್ನುತ್ತಾರೆ. ಆಗ ಕೈ ತಾನಾಗಿಯೇ ಇನ್ನೂ ತಿರುಗಿಸಲು ಹೋಗುತ್ತದೆ. ತಿರುಗಿಸಿದರೆ ಟೈರು ಅಡ್ಡಕ್ಕೆ ನಿಂತು ನೇಗಿಲಿನ ಹಾಗೆ ಹಿಮ ಉಳುತ್ತದೆ, ಕಾರು ತಿರುಗುವುದಿಲ್ಲ. ಮಾಡಬೇಕಾದದ್ದು ಉಲ್ಟಾ. ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ಎತ್ತಬೇಕು, ಸ್ಟೇರಿಂಗನ್ನು ಸ್ವಲ್ಪ ನೇರ ಮಾಡಬೇಕು, ಕಾಯಬೇಕು. ಕಾಲು ಎತ್ತಿದಾಗ ಭಾರ ಮುಂದಕ್ಕೆ ಬರುತ್ತದೆ, ವೇಗ ಇಳಿಯುತ್ತದೆ, ಟೈರು ಮತ್ತೆ ನೆಲ ಕಚ್ಚುತ್ತದೆ. ಆಮೇಲೆ ಮೂಗು ತಾನಾಗಿಯೇ ಒಳಗೆ ಬರುತ್ತದೆ.

ಹೇಳುವುದಕ್ಕೆ ಸುಲಭ. ಕಾರು ಗುಡ್ಡೆ ಕಡೆ ಹೋಗುತ್ತಿರುವಾಗ ಸ್ಟೇರಿಂಗನ್ನು ಆ ಗುಡ್ಡೆ ಕಡೆಗೇ ಸ್ವಲ್ಪ ಬಿಡಬೇಕು ಅಂದರೆ ಯಾವ ಕೈ ಕೇಳುತ್ತದೆ? ನನ್ನ ಕೈ ಕೇಳಲು ಹತ್ತು ಹನ್ನೆರಡು ಸುತ್ತು ಬೇಕಾಯಿತು. ಆ ಮೊದಲ ದಿನದ ತಿರುವಿನಲ್ಲಿ ನನಗೆ ಇದು ಗೊತ್ತಿದ್ದರೆ ಗುಡ್ಡೆ ತಪ್ಪುತ್ತಿತ್ತಾ? ಬಹುಶಃ ಇಲ್ಲ. ಅಲ್ಲಿ ಜಾಗವೇ ಇರಲಿಲ್ಲ. ತಿರುವಿಗೆ ಹತ್ತು ಮೀಟರ್ ಮುಂಚೆಯೇ, ನೇರ ಇರುವಾಗಲೇ, ವೇಗ 15ಕ್ಕೆ ಇಳಿಸಬೇಕಿತ್ತು. ನೇರ ಇರುವಾಗ ಬ್ರೇಕು, ತಿರುಗುವಾಗ ಬರೀ ತಿರುಗುವುದು, ಮೂಗು ನೇರ ಆದ ಮೇಲೆ ಆಕ್ಸಿಲರೇಟರ್. ಒಂದು ಸಲಕ್ಕೆ ಒಂದೇ ಕೆಲಸ.

ಈಗ ಟೈರಿನ ಮಾತು. ಮೊದಲ ಚಳಿಗಾಲ ಪೂರ್ತಿ ಕಾರಿನ ಜೊತೆ ಬಂದಿದ್ದ ಆಲ್ ಸೀಸನ್ ಟೈರಿನಲ್ಲೇ ಕಳೆದೆ. ಹೆಸರಿನಲ್ಲೇ ಎಲ್ಲಾ ಕಾಲ ಅಂತಿದೆಯಲ್ಲ ಅನ್ನುವುದು ನನ್ನ ವಾದ. ಎರಡನೇ ವರ್ಷ ಚಳಿಗಾಲದ ಟೈರು ಹಾಕಿಸಿದಾಗ, ಇದು ಅದೇ ಕಾರಾ ಅನ್ನಿಸಿತು. ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಬಿಗಿಯುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಉಳಿಯುವ ಹಾಗೆ ಮಾಡಿರುತ್ತಾರೆ. ಅದರ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳು. ಮಂಜುಗಡ್ಡೆಯ ಮೇಲೆ ಅವುಗಳ ಅಂಚು ಉಗುರಿನ ಕೆಲಸ ಮಾಡುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಟೈರಿನ ಸಂದಿಯಲ್ಲಿ ಹಿಮ ತುಂಬಿಕೊಂಡರೆ ಕೆಟ್ಟದ್ದು ಅಂತ ನಾನು ತಿಳಿದಿದ್ದೆ. ಕೆಸರಿನಲ್ಲಿ ಓಡಿಸಿದವರಿಗೆ ಹಾಗೇ ಅನಿಸುತ್ತದೆ. ಆದರೆ ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ. ಹಿಮದ ಉಂಡೆಯನ್ನು ಹಿಮದಲ್ಲಿ ಉರುಳಿಸಿದರೆ ದೊಡ್ಡದಾಗುತ್ತಾ ಹೋಗುವುದಿಲ್ಲವಾ? ಚಳಿಗಾಲದ ಟೈರು ಹಿಮವನ್ನು ತನ್ನ ಸಂದಿಯಲ್ಲಿ ಬೇಕೆಂದೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಸಂದಿಯ ಆಳ ಮುಖ್ಯ. ಬಹಳ ಕಡೆ ಕಾನೂನಿನ ಕನಿಷ್ಠ ಆಳ 1.6 ಮಿಲಿಮೀಟರ್. ಹಿಮಕ್ಕೆ 4 ಮಿಲಿಮೀಟರ್‌ಗಿಂತ ಕೆಳಗೆ ಇಳಿದರೆ ಆ ಟೈರು ಕೆಲಸಕ್ಕೆ ಬರುವುದಿಲ್ಲ ಅಂತಲೇ ಲೆಕ್ಕ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಆ ಗುರುತು. ಬರೀ ಎಂ ಪ್ಲಸ್ ಎಸ್ (ಇಂಗ್ಲಿಷಿನಲ್ಲಿ ಕೆಸರು, ಹಿಮ ಅನ್ನುವುದರ ಮೊದಲಕ್ಷರ) ಅಂತ ಬರೆದಿದ್ದರೆ ಅದು ಟೈರಿನ ಮೇಲಿನ ವಿನ್ಯಾಸದ ಬಗ್ಗೆ ಹೇಳುತ್ತದೆ ಅಷ್ಟೇ.

ಎರಡೇ ಟೈರು ಹಾಕಿಸಿ ಅರ್ಧ ದುಡ್ಡು ಉಳಿಸೋಣ ಅಂತ ನಾನೂ ಯೋಚಿಸಿದ್ದೆ. ಎಳೆಯುವುದು, ತಿರುಗಿಸುವುದು ಎಲ್ಲಾ ಮುಂದಿನದ್ದೇ ತಾನೇ? ಪುಣ್ಯಕ್ಕೆ ಹಾಗೆ ಮಾಡಲಿಲ್ಲ. ಮುಂದಿನ ಎರಡು ನೆಲ ಕಚ್ಚಿ, ಹಿಂದಿನ ಎರಡು ಜಾರುತ್ತಿದ್ದರೆ, ತಿರುವಿನಲ್ಲಿ ಬ್ರೇಕ್ ಹಿಡಿದ ಕೂಡಲೇ ಹಿಂಭಾಗ ಮುಂಭಾಗವನ್ನು ಹಿಂದೆ ಹಾಕಲು ಬರುತ್ತದೆ. ಮೂಗು ಜಾರುವ ಕಾರನ್ನು ನನ್ನಂಥ ಸಾಮಾನ್ಯ ಚಾಲಕ ಹೇಗೋ ಸಂಭಾಳಿಸಬಹುದು. ಬೆನ್ನು ಜಾರುವ ಕಾರು ಬೇರೆ ಜಾತಿಯ ಪ್ರಾಣಿ.

ಅದನ್ನೂ ನೋಡಿದ್ದೇನೆ. ಎರಡನೇ ಚಳಿಗಾಲದ ಕೊನೆ. ಇಳಿಜಾರು, ಉದ್ದನೆಯ ಎಡ ತಿರುವು. ಹೊತ್ತು ಮುಳುಗುವ ಸಮಯ, ಉಷ್ಣಾಂಶ ಸೊನ್ನೆಯ ಆಸುಪಾಸು. ಪಕ್ಕದಲ್ಲಿ ಗೆಳೆಯ ಕೂತು ಏನೋ ಕಥೆ ಹೇಳುತ್ತಿದ್ದ. ಎದುರು ರಸ್ತೆ ಕನ್ನಡಿಯ ಹಾಗೆ ಹೊಳೆಯಿತು. ನಾನು ಹೆದರಿ ಆಕ್ಸಿಲರೇಟರ್‌ನಿಂದ ಕಾಲನ್ನು ಥಟ್ಟನೆ ಎತ್ತಿದೆ. ಮೆಲ್ಲಗೆ ಅಲ್ಲ, ಥಟ್ಟನೆ. ಭಾರವೆಲ್ಲ ಮುಂದಕ್ಕೆ ಧುಮುಕಿತು, ಹಿಂದಿನ ಗಾಲಿಗಳು ಹಗುರಾದವು, ನನ್ನ ಬೆನ್ನ ಹಿಂದಿನ ಅರ್ಧ ಕಾರು ಬಲಕ್ಕೆ ಹೊರಟಿತು. ಗೆಳೆಯನ ಕಥೆ ಅರ್ಧದಲ್ಲೇ ನಿಂತಿತು. ಅದು ಮುಂದೆ ಏನಾಯಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಹೊತ್ತಿಗೆ ನಾನು ಮಾಡಿದ್ದು ಇಷ್ಟೇ: ರಸ್ತೆ ಹೋಗುವ ಕಡೆ ನೋಡಿದೆ, ಸ್ಟೇರಿಂಗ್ ಬಲಕ್ಕೆ ಬಿಟ್ಟೆ. ಬ್ರೇಕ್ ಮುಟ್ಟಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಹಳದಿ ಚಿತ್ರ ಮಿಣಮಿಣ ಅಂದಿತು, ಕೆಳಗೆಲ್ಲೋ ಕಟಕಟ ಸದ್ದಾಯಿತು, ಕಾರು ನೇರವಾಯಿತು. ಹೆಚ್ಚಿನ ಕೆಲಸ ಮಾಡಿದ್ದು ಸ್ಥಿರತೆ ಕಾಯುವ ಆ ಇಎಸ್‌ಸಿ. ಒಂದೊಂದು ಗಾಲಿಗೆ ಬೇಕಾದಷ್ಟೇ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುವ ಏರ್ಪಾಡು ಅದು. 1995ರಲ್ಲಿ ದುಬಾರಿ ಮರ್ಸಿಡಿಸ್ ಕಾರಿನಲ್ಲಿ ಬಂದದ್ದು, ಅಮೆರಿಕದಲ್ಲಿ 2012ರ ಮಾದರಿಯಿಂದ, ಯುರೋಪಿನಲ್ಲಿ 2014ರಿಂದ ಎಲ್ಲಾ ಹೊಸ ಕಾರಿಗೂ ಕಡ್ಡಾಯವಾಯಿತು. ಆದರೆ ಅದು ಇರುವ ಹಿಡಿತವನ್ನು ಸರಿಯಾಗಿ ಹಂಚುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ. ನಾನು ಇನ್ನೂ 20 ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಇದ್ದಿದ್ದರೆ ಆ ಹಳದಿ ದೀಪ ಮಿಣಮಿಣ ಅನ್ನುತ್ತಲೇ ನಾವು ಹಳ್ಳಕ್ಕೆ ಇಳಿಯುತ್ತಿದ್ದೆವು.

ಆಮೇಲೆ ತಿಳಿದ ವಿಚಿತ್ರ ಏನೆಂದರೆ, ಫ್ರಂಟ್ ವೀಲ್ ಡ್ರೈವ್ ಕಾರಿನ ಬೆನ್ನು ಜಾರಿದಾಗ ಸ್ಟೇರಿಂಗನ್ನು ಜಾರುವ ಕಡೆಗೆ ಬಿಟ್ಟು ಆಕ್ಸಿಲರೇಟರನ್ನು ಒಂದಿಷ್ಟೇ ಒತ್ತಿದರೆ ಮುಂದಿನ ಗಾಲಿಗಳು ಕಾರನ್ನು ಎಳೆದು ನೇರ ಮಾಡುತ್ತವೆ. ಎತ್ತು ಮುಂದೆ ಎಳೆದರೆ ಗಾಡಿ ಸರಿಹೋಗುವ ಹಾಗೆ. ಪಾರ್ಕಿಂಗ್ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಬೆನ್ನು ಜಾರಿಸಿ ಇದನ್ನು ಮಾಡಿ ನೋಡಿದೆ, ಕೆಲಸ ಮಾಡುತ್ತದೆ. ರಸ್ತೆಯಲ್ಲಿ ಹೆದರಿದಾಗ ಮಾಡುತ್ತೇನಾ? ಧೈರ್ಯವಾಗಿ ಹೇಳಲಾರೆ.

ಸೊನ್ನೆಯ ಆಸುಪಾಸು ಅಂದೆನಲ್ಲ, ಅದೂ ನಾನು ತಿಳಿದಿದ್ದಕ್ಕೆ ಉಲ್ಟಾ. ಚಳಿ ಹೆಚ್ಚಾದಷ್ಟೂ ಜಾರುವುದು ಹೆಚ್ಚು ಅಂದುಕೊಂಡಿದ್ದೆ. ಮೈನಸ್ 20ರ ಮಂಜುಗಡ್ಡೆ ಒಣಗಿದ ಹಾಗೆ ಇರುತ್ತದೆ, ಟೈರು ಒಂದಿಷ್ಟು ಹಿಡಿಯುತ್ತದೆ. ಸೊನ್ನೆಯ ಹತ್ತಿರ ಮೇಲೆ ನೀರಿನ ಪದರ ಕೂತಿರುತ್ತದೆ, ಎಣ್ಣೆ ಸವರಿದ ಹಾಗೆ. ಹಗಲು ಕರಗಿ ಸಂಜೆ ಹೆಪ್ಪುಗಟ್ಟುವ ದಿನಗಳೇ ನನಗೆ ಎಲ್ಲಕ್ಕಿಂತ ಭಯ. ಸೇತುವೆಗಳ ಮೇಲೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಕೆಳಗಿನಿಂದಲೂ ಗಾಳಿ ತಾಗುತ್ತದಲ್ಲ. ಟ್ರಾಫಿಕ್ ಸಿಗ್ನಲ್‌ಗಳ ಮುಂದೆಯೂ ಅಷ್ಟೇ. ನೂರಾರು ಕಾರು ಅಲ್ಲೇ ಬ್ರೇಕ್ ಹಿಡಿದು, ಅಲ್ಲೇ ಗಾಲಿ ತಿರುಗಿಸಿ, ಹಿಮವನ್ನು ಪಾಲಿಶ್ ಮಾಡಿಟ್ಟಿರುತ್ತವೆ. ಜಾಗ ಇದ್ದರೆ ಆ ಹೊಳೆಯುವ ಜಾಡು ಬಿಟ್ಟು ಒಂದಡಿ ಪಕ್ಕದಲ್ಲಿ ನಿಲ್ಲಿಸುವುದು ನನ್ನ ಅಭ್ಯಾಸ.

ಏರು ರಸ್ತೆಯಲ್ಲಿ ಈ ಕಾರಿನ ಬಣ್ಣ ಬಯಲಾಗುತ್ತದೆ. ಮನೆ ಹತ್ತಿರ ಒಂದು ಏರಿದೆ. ಏರುವಾಗ ಭಾರ ಹಿಂದಕ್ಕೆ ಜರುಗುತ್ತದೆ, ಎಳೆಯುವ ಗಾಲಿ ಹಗುರಾಗುತ್ತದೆ. ಲೆಕ್ಕ ಹಾಕಿ ನೋಡಿದ್ದೇನೆ: ಗಟ್ಟಿ ಹಿಮದ ಮೇಲೆ ನೂರು ಮೀಟರ್‌ಗೆ ಹದಿನಾಲ್ಕು ಮೀಟರ್ ಏರುವ ರಸ್ತೆಯವರೆಗೆ ಇದು ಹತ್ತಬಹುದು. ಬರೀ ಮಂಜುಗಡ್ಡೆಯಾದರೆ ಆರಕ್ಕೇ ಸುಸ್ತು. ಅದೂ ಗಾಲಿ ಸುತ್ತದ ಹಾಗೆ ಓಡಿಸಿದರೆ. ಅದಕ್ಕೇ ಕೆಳಗೆ ಸಮತಟ್ಟಿನಲ್ಲೇ ಬೇಕಾದ ವೇಗ ತೆಗೆದುಕೊಂಡು, ಮುಂದಿನ ಕಾರು ಪೂರ್ತಿ ಮೇಲೆ ಹತ್ತುವವರೆಗೆ ಕಾದು, ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ಹತ್ತುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಉಲ್ಟಾ ಹತ್ತಿಸುವ ಉಪಾಯವನ್ನು ಯಾರೋ ಹೇಳಿದರು. ರಿವರ್ಸ್‌ನಲ್ಲಿ ಹತ್ತಿದರೆ ಎಳೆಯುವ ಗಾಲಿ ಕೆಳಗಿನ ಕಡೆ ಬರುತ್ತದೆ, ಭಾರ ಅದರ ಮೇಲೆ ಬೀಳುತ್ತದೆ. ಮಾಡಿದೆ, ಹತ್ತಿತು. ಆದರೆ ಅದರಲ್ಲಿ ಪವಾಡ ಏನೂ ಇಲ್ಲ. ನೂರಕ್ಕೆ ಹನ್ನೆರಡರ ಏರಿನಲ್ಲೂ ಹಿಡಿತದಲ್ಲಿ ಸಿಗುವ ಲಾಭ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ. ಹತ್ತುತ್ತಾ ಹತ್ತುತ್ತಾ ಕೊನೆಯ ಎರಡು ಮೀಟರ್‌ಗೆ ಸಿಕ್ಕಿಕೊಂಡವರಿಗೆ ಅಷ್ಟು ಸಾಕಾಗುತ್ತದೆ. ಕುತ್ತಿಗೆ ನೋವು ಬೋನಸ್.

ಕೆಲಸಕ್ಕೆ ಬಾರದ ಸಲಹೆಯೂ ಸಿಕ್ಕಿತ್ತು: ಡಿಕ್ಕಿಯಲ್ಲಿ ಮರಳಿನ ಮೂಟೆ. ಹಿಂದಿನ ಗಾಲಿ ತಳ್ಳುವ ಕಾರಿಗೆ ಅದು ಸರಿ. ಬಹಳ ಹಳೆಯ ಉಪಾಯ. ನಾನು ಯೋಚನೆ ಮಾಡದೆ 60 ಕಿಲೋ ಹಾಕಿಕೊಂಡೆ. ಏರು ಇನ್ನೂ ಕಷ್ಟವಾಯಿತು. ಡಿಕ್ಕಿ ಇರುವುದು ಹಿಂದಿನ ಗಾಲಿಗಿಂತಲೂ ಹಿಂದೆ. ಅಲ್ಲಿಟ್ಟ ಭಾರ ಏತದ ಹಾಗೆ ಮೂಗನ್ನು ಮೇಲಕ್ಕೆತ್ತುತ್ತದೆ. ಭಾರ ಸೇರಿಸಲು ಹೋಗಿ ಬೇಕಾದ ಜಾಗದಲ್ಲಿ ಭಾರ ಕಳೆದುಕೊಂಡಿದ್ದೆ. ಒಂದು ಚಿಕ್ಕ ಚೀಲ ಮಾತ್ರ ಉಳಿಸಿಕೊಂಡಿದ್ದೇನೆ, ಸಿಕ್ಕಿಕೊಂಡಾಗ ಗಾಲಿ ಮುಂದೆ ಎರಚಲು.

ಇಳಿಯುವಾಗಿನ ಒಂದು ಮಾತು. ಚಿಕ್ಕ ಗೇರಿಗೆ ಹಾಕಿ ಇಂಜಿನ್ ಹಿಡಿತದಲ್ಲಿ ಇಳಿಸಿ ಅನ್ನುತ್ತಾರೆ. ಸರಿಯೇ, ಆದರೆ ಏರಿನ ತುದಿಯಲ್ಲೇ ಹಾಕಿಕೊಳ್ಳಬೇಕು. ನಡುವಿನಲ್ಲಿ ಧಡಕ್ಕನೆ ಗೇರು ಇಳಿಸಿದರೆ ಆ ತಡೆಯೆಲ್ಲ ಮುಂದಿನ ಎರಡೇ ಗಾಲಿಗೆ ಬೀಳುತ್ತದೆ. ಮಂಜುಗಡ್ಡೆಯ ಮೇಲೆ ಅವು ಜಾರಿದರೆ ಸ್ಟೇರಿಂಗೂ ಹೋಯಿತು. ನಾಲ್ಕು ಗಾಲಿಗೂ ಹಂಚಿ ಹಿಡಿಯುವ ಬ್ರೇಕನ್ನು ಮೆಲ್ಲಗೆ ಒತ್ತುವುದು ಅದಕ್ಕಿಂತ ಮೇಲು.

ಇಷ್ಟೆಲ್ಲ ಓದಿ ಫ್ರಂಟ್ ವೀಲ್ ಡ್ರೈವ್ ಬಡಪಾಯಿ ಅನ್ನಿಸಿದರೆ ಸ್ವಲ್ಪ ತಾಳಿ. ಹಿಮಕ್ಕೆ ಹೆಸರಾದ ಮಾಂಟೆ ಕಾರ್ಲೊ ರ‍್ಯಾಲಿಯನ್ನು 1962, 1963 ಎರಡೂ ವರ್ಷ ಗೆದ್ದದ್ದು ಎರಿಕ್ ಕಾರ್ಲ್‌ಸನ್, ಸಾಬ್ 96 ಕಾರಿನಲ್ಲಿ. ಆಮೇಲೆ 1964, 1965, 1967ರಲ್ಲಿ ಗೆದ್ದದ್ದು ಪುಟಾಣಿ ಮಿನಿ ಕೂಪರ್. ಎರಡೂ ಮುಂದಿನ ಗಾಲಿ ಎಳೆಯುವ ಕಾರುಗಳೇ. 1965ರಲ್ಲಂತೂ ಹಿಮಪಾತ ವಿಪರೀತ. ಗೆದ್ದವನು ಫಿನ್ಲೆಂಡಿನ ಟಿಮೊ ಮ್ಯಾಕಿನೆನ್. ಈ ಚಾಲಕರ ಗುಟ್ಟು ಎಡಗಾಲು. ಬಲಗಾಲು ಆಕ್ಸಿಲರೇಟರ್ ಮೇಲೇ ಇರುವಾಗ ಎಡಗಾಲಿನಲ್ಲಿ ಬ್ರೇಕ್ ಮುಟ್ಟಿದರೆ, ಮುಂದಿನ ಗಾಲಿ ಇಂಜಿನ್ ಬಲದಿಂದ ಸುತ್ತುತ್ತಲೇ ಇರುತ್ತದೆ, ಹಿಂದಿನದು ಹಿಡಿದು ಜಾರುತ್ತದೆ, ತಿರುಗದ ಕಾರು ತಿರುಗುತ್ತದೆ. ನಾನೂ ಪಾರ್ಕಿಂಗ್ ಜಾಗದಲ್ಲಿ ಒಂದು ಸಲ ಪ್ರಯತ್ನಿಸಿದೆ. ಎಂಟು ವರ್ಷ ಬರೀ ಕ್ಲಚ್ ತುಳಿದ ಎಡಗಾಲು ಅದು. ಬ್ರೇಕನ್ನೂ ಕ್ಲಚ್ಚಿನ ಹಾಗೆ ನೆಲದವರೆಗೆ ತುಳಿಯಿತು. ಮೂಗು ಸ್ಟೇರಿಂಗಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಅಲ್ಲಿಗೆ ನನ್ನ ರ‍್ಯಾಲಿ ಜೀವನ ಮುಗಿಯಿತು.

ಸಿಕ್ಕಿಕೊಳ್ಳುವುದು ಸೆಡಾನ್‌ನವರಿಗೆ ತಪ್ಪಿದ್ದಲ್ಲ. ಹೊಟ್ಟೆ ನೆಲದಿಂದ 14 ಸೆಂಟಿಮೀಟರ್ ಮೇಲೆ ಅಷ್ಟೇ. ಹಿಮ ತೆಗೆಯುವ ವಾಹನ ರಸ್ತೆ ಬಾಚಿಕೊಂಡು ಹೋಗುವಾಗ ಮನೆ ಮುಂದೆ ಒಂದು ದಿಣ್ಣೆ ಬಿಟ್ಟು ಹೋಗುತ್ತದೆ. ಅದನ್ನು ನುಗ್ಗಿ ದಾಟಲು ಹೋಗಿ ಕಾರಿನ ಹೊಟ್ಟೆ ದಿಣ್ಣೆ ಮೇಲೆ ಕೂತು, ಗಾಲಿಗಳು ತೇಲಾಡಿದ ದಿನವೂ ಇದೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ನಷ್ಟ. ಸುತ್ತುವ ಗಾಲಿ ಕೆಳಗಿನ ಹಿಮ ಕರಗಿಸಿ ಮಂಜುಗಡ್ಡೆ ಮಾಡುತ್ತದೆ. ಜೊತೆಗೆ, ಎರಡು ಗಾಲಿಗೂ ಬಲ ಹಂಚುವ ಸಾಮಾನ್ಯ ಡಿಫರೆನ್ಶಿಯಲ್ ಇರುವ ಕಾರಿನಲ್ಲಿ ಒಂದು ಗಾಲಿ ಸುಮ್ನೆ ಸುತ್ತತೊಡಗಿದರೆ ಇನ್ನೊಂದಕ್ಕೂ ಬಲ ಹೋಗುವುದಿಲ್ಲ. ಸಲಿಕೆ ತೆಗೆದು ಹೊಟ್ಟೆಯ ಕೆಳಗೆ, ಮುಂದಿನ ಗಾಲಿಗಳ ಹಿಂದೆ ಮುಂದೆ ಬಿಡಿಸಿ. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿದೆಯಾ ನೋಡಿ. ಅದು ಮುಚ್ಚಿದ್ದು ಇಂಜಿನ್ ಓಡುತ್ತಿದ್ದರೆ ವಿಷದ ಹೊಗೆ ಒಳಗೆ ಬರುತ್ತದೆ, ಇದರಲ್ಲಿ ತಮಾಷೆ ಇಲ್ಲ. ಸ್ಟೇರಿಂಗ್ ನೇರ ಇಡಿ. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಇಲ್ಲದಿದ್ದರೆ ಗಾಲಿ ಜಾರಿದ ಕೂಡಲೇ ಅದು ಇಂಜಿನ್ನಿನ ಕತ್ತು ಹಿಸುಕುತ್ತದೆ. ಆಮೇಲೆ ಮುಂದೆ ಸ್ವಲ್ಪ, ಹಿಂದೆ ಸ್ವಲ್ಪ, ತೊಟ್ಟಿಲು ತೂಗಿದ ಹಾಗೆ. ಹೊರಗೆ ಬಂದ ಮೇಲೆ ಅದನ್ನು ಮತ್ತೆ ಹಾಕುವುದು ಮರೆಯಬೇಡಿ. ನಾನು ಮರೆತಿದ್ದೆ.

ಹೊರಡುವಾಗ ಗೇರನ್ನು ಕೈಯಿಂದ ಎರಡಕ್ಕೆ ಹಾಕಿ ಹೊರಡುವುದು ನನ್ನ ಪದ್ಧತಿ, ಗಾಲಿಗೆ ಹೋಗುವ ಬಲ ಮೆತ್ತಗಾಗುತ್ತದೆ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಿಮದಲ್ಲಿ ಮುಟ್ಟುವುದೇ ಇಲ್ಲ. ಕಾರಿನ ಮಾಡಿನ ಹಿಮವನ್ನೂ ಪೂರ್ತಿ ಗುಡಿಸಿಯೇ ಹೊರಡುತ್ತೇನೆ. ಒಂದು ದಿನ ಸೋಮಾರಿತನದಿಂದ ಗಾಜು ಮಾತ್ರ ಒರೆಸಿ ಹೊರಟಿದ್ದೆ. ಮೊದಲ ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿದಾಗ ಮಾಡಿನ ಮೇಲಿದ್ದ ಹಿಮವೆಲ್ಲ ಒಂದೇ ಹಾಸಿಗೆಯ ಹಾಗೆ ಜಾರಿ ಮುಂದಿನ ಗಾಜಿನ ಮೇಲೆ ಮಲಗಿತು. ವೈಪರ್ ಅದರ ಕೆಳಗೆ ಸಿಕ್ಕಿ ಕೊಯ್ ಅಂತು. ಪುಣ್ಯಕ್ಕೆ ಆಗಲೇ ನಿಂತಿದ್ದೆ.

ಇವತ್ತು ಬೆಳಿಗ್ಗೆ ಮೈನಸ್ 14. ರಾತ್ರಿ ಎಂಟು ಸೆಂಟಿಮೀಟರ್ ಹಿಮ ಬಿದ್ದಿದೆ, ಒಣ ಹಿಮ, ಊದಿದರೆ ಹಾರುವಂಥದ್ದು. ಕಾರು ಶುರು ಮಾಡಿದ ಕೂಡಲೇ ಟೈರಿನ ಗಾಳಿಯ ಹಳದಿ ದೀಪ ಹತ್ತಿಕೊಂಡಿತು. ಪ್ರತಿ ವರ್ಷದ ಕಥೆ ಇದು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಟೈರಿನಲ್ಲಿ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಕಳೆದ ಸಲ ತುಂಬಿಸಿದಾಗ 10 ಡಿಗ್ರಿ ಇತ್ತು, ಅಂದರೆ ನಾಲ್ಕು ಪಿಎಸ್‌ಐ ಮಾಯ. ಪಂಪು ಡಿಕ್ಕಿಯಲ್ಲಿದೆ. ಡಿಕ್ಕಿ ಹೆಪ್ಪುಗಟ್ಟಿ ತೆರೆಯುತ್ತಿಲ್ಲ. ಮೊದಲು ಅದನ್ನು ನೋಡಬೇಕು.